ಐಸಿಯು ಬಿಟ್ಟು ಹೊರಬಂದ ನರ್ಸ್‌ಗಳು

ಕೋವಿಡ್ ಕಳೆದ ಎರಡನೆಯ ಬೇಸಿಗೆ. ವಿಜಯಪುರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ ನರ್ಸಿಂಗ್ ಕಾಲೇಜಿನಲ್ಲಿ ನಾನು ಉಪಪ್ರಾಚಾರ್ಯೆಯಾಗಿದ್ದೆ. ಪಾಠ ಹೇಳಲು ಬರುವ ಮೊದಲು ಬಹಳ ವರ್ಷ ಐಸಿಯು ನರ್ಸ್ ಆಗಿ ದುಡಿದವಳು. ಆದರೆ ಆ ಹೊತ್ತಿಗೆ ರೋಗಿಯ ಮೈಮುಟ್ಟಿ ಕೆಲಸ ಮಾಡುವುದು ಬಿಟ್ಟುಹೋಗಿತ್ತು. ದಿನವೂ ಕೈಗೆ ಸಿಗುತ್ತಿದ್ದದ್ದು ಪ್ರಯೋಗಾಲಯದ ರಬ್ಬರ್ ಬೊಂಬೆ. ಅದಕ್ಕೆ ಎಷ್ಟು ಸಲ ನಳಿಗೆ ಹಾಕಿದರೂ ಉಸಿರು ಕಟ್ಟುತ್ತಿರಲಿಲ್ಲ.

ಕಾಲೇಜು ಮತ್ತು ಆಸ್ಪತ್ರೆಯ ನಡುವೆ ಇದ್ದದ್ದು ಒಂದು ಅಂಗಳ ಮಾತ್ರ. ನಮ್ಮಲ್ಲಿ ಕಲಿತ ಹುಡುಗಿಯರು ಅಂಗಳ ದಾಟಿ ಅಲ್ಲೇ ಕೆಲಸಕ್ಕೆ ಸೇರುತ್ತಿದ್ದರು. ಅವರಲ್ಲಿ ರೇಣುಕಾ ಒಬ್ಬಳು. ತಿಕೋಟಾದ ಕಿರಾಣಿ ಅಂಗಡಿಯವರ ಮಗಳು, ಮದುವೆಯಾಗಿ ವಿಜಯಪುರದ ಜೋರಾಪುರ ಪೇಟೆಗೆ ಬಂದಿದ್ದಳು. ವಿದ್ಯಾರ್ಥಿನಿಯಾಗಿದ್ದಾಗ ತರಗತಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದವಳು ಐಸಿಯುಗೆ ಸೇರಿ ನಾಲ್ಕು ವರ್ಷವಾಗುವಷ್ಟರಲ್ಲಿ ಮಾತು ಕಡಿಮೆ ಮಾಡಿದ್ದಳು. "ಆಕಿ ಮಾರಿ ಗಂಟು ಹಾಕ್ಕೊಂಡ ಇರ್ತಾಳ" ಎಂದು ರೋಗಿಗಳ ಕಡೆಯವರು ದೂರುತ್ತಿದ್ದರು. ವಾರ್ಡಿನ ವಾರ್ಷಿಕ ವರದಿಯಲ್ಲಿ ಅವಳ ಹೆಸರಿನ ಮುಂದೆ "ಮನೋಭಾವ ಸುಧಾರಿಸಬೇಕು" ಎಂದು ಬರೆದದ್ದನ್ನು ನಾನೇ ಓದಿದ್ದೆ.

ಆ ಬೇಸಿಗೆಯ ಒಂದು ದಿನ ಬೆಳಗಿನ ಪಾಳಿಯಲ್ಲಿ ಐಸಿಯುನಲ್ಲಿದ್ದ ಎಂಟು ರೋಗಿಗಳಿಗೆ ರೇಣುಕಾ ಒಬ್ಬಳೇ ನರ್ಸ್. ಜೊತೆಯವಳನ್ನು ಆಪರೇಷನ್ ಥಿಯೇಟರಿಗೆ ಕಳಿಸಲಾಗಿತ್ತು. ಒಬ್ಬ ರೋಗಿಗೆ ಫಿಟ್ಸ್ ಬಂದು, ಅವನು ಮಂಚದಿಂದ ಬೀಳದಂತೆ ಹಿಡಿದುಕೊಂಡು ಅವಳು ಇಂಜೆಕ್ಷನ್ ಕೊಡುತ್ತಿದ್ದಳು. ಅದೇ ಹೊತ್ತಿಗೆ ಬಾಗಿಲ ಬಳಿಯ ಮಂಚದ ಮಾನಿಟರ್ ಕೂಗತೊಡಗಿತು. ಅಲ್ಲಿ ಮಲಗಿದ್ದವರು ಬಬಲೇಶ್ವರದ ಒಬ್ಬ ಹಿರಿಯರು. ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿದ್ದರು. ರೇಣುಕಾ ದೂರದಿಂದಲೇ ನೋಡಿದಳು: ಬೆರಳಿಗೆ ಸಿಕ್ಕಿಸಿದ್ದ, ಆಮ್ಲಜನಕದ ಮಟ್ಟ ಅಳೆಯುವ ಕ್ಲಿಪ್ ಜಾರಿತ್ತು, ಅಷ್ಟೇ. ಎದೆ ಸರಿಯಾಗಿ ಏರಿಳಿಯುತ್ತಿತ್ತು. ಅವಳು ಕೈಯಲ್ಲಿದ್ದ ಕೆಲಸ ಬಿಡಲಿಲ್ಲ.

ಆದರೆ ಹಿರಿಯರ ಮಗ ಶ್ರೀಶೈಲನಿಗೆ ಇದು ತಿಳಿಯುವುದು ಹೇಗೆ? ಗಾಜಿನ ಬಾಗಿಲಾಚೆ ನಿಂತವನಿಗೆ ಕಂಡದ್ದು ಅಪ್ಪನ ಯಂತ್ರ ಕೂಗುತ್ತಿರುವುದು, ನರ್ಸ್ ತಿರುಗಿ ನೋಡಿಯೂ ಬಾರದಿರುವುದು. ಬಾಗಿಲು ತಳ್ಳಿ ಒಳಗೆ ನುಗ್ಗಿದ. ಇಂಜೆಕ್ಷನ್ ಮುಗಿಸಿ ತಡೆಯಲು ಬಂದ ರೇಣುಕಾಳ ಕೆನ್ನೆಗೆ ಹೊಡೆದ.

ಅವನ ಮನೆತನಕ್ಕೆ ಊರಲ್ಲಿ ವಜನ್ ಇತ್ತು. ಮಧ್ಯಾಹ್ನದೊಳಗೆ ಆಡಳಿತ ಮಂಡಳಿಯವರಿಗೆ ಫೋನುಗಳು ಬಂದವು. ವಿಷಯ ದೊಡ್ಡದಾಗದಿರಲೆಂದು, ರೋಗಿಯನ್ನು ನಿರ್ಲಕ್ಷಿಸಿದ್ದಕ್ಕೆ ರೇಣುಕಾಳೇ ಕ್ಷಮೆ ಕೇಳಲಿ ಎಂದು ತೀರ್ಮಾನವಾಯಿತು.

"ಹೊಡಿಸ್ಕೊಂಡಾಕಿ ನಾನು. ಕ್ಷಮಾ ಕೇಳಾಕಿನೂ ನಾನ ಏನ್ರಿ?" ಎಂದಷ್ಟೇ ಹೇಳಿ ಅವಳು ಹೊರಗೆ ನಡೆದಳು. ಮರುದಿನ ಬೆಳಿಗ್ಗೆ ಪಾಳಿಗೆ ಬಂದ ನರ್ಸ್‌ಗಳು ಒಳಗೆ ಹೋಗದೆ ಅಂಗಳದ ಬೇವಿನ ಮರದ ಕೆಳಗೆ ಕುಳಿತುಬಿಟ್ಟರು. ರಾತ್ರಿ ಪಾಳಿಯವರೂ ಕೆಳಗಿಳಿದು ಬಂದು ಅವರ ಪಕ್ಕ ಕುಳಿತರು.

ವೈದ್ಯಕೀಯ ಅಧೀಕ್ಷಕರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ಆ ದಿನ ಗಾಬರಿಯಲ್ಲಿದ್ದರು.

"ಮೇಡಂ, ಉಳಿದ ವಾರ್ಡ್‌ಗಳ್ನ ಡಾಕ್ಟರ್‌ಗಳು, ಆಯಾಗಳು ಹೆಂಗರ ನೋಡ್ಕೋತಾರ. ಮೂರನೇ ವರ್ಷದ ಹುಡುಗ್ಯಾರ್ನ ಐಸಿಯುಗೆ ಹಾಕ್ರಿ. ಒಂದೆರಡು ದಿನದ ಮಾತು."

"ಅವ್ರು ಕಲಿಯಾಕ ಬಂದಾರ್ರಿ ಸರ್. ವೆಂಟಿಲೇಟರ್ ಮುಂದ ಒಬ್ಬೊಬ್ಬರ್ನ ನಿಂದರ್ಸಿದ್ರ, ಏನಾರ ಹೆಚ್ಚುಕಮ್ಮಿ ಆದಾಗ ಯಾರ ಹೆಸರು ಹೇಳ್ತೀರಿ?"

"ಹಂಗಾದ್ರ ಪೇಶಂಟ್ ಸಾಯ್ಲೇನ್ರಿ?"

ಆ ಪ್ರಶ್ನೆಗೆ ನನ್ನಲ್ಲಿ ಒಂದೇ ಉತ್ತರವಿತ್ತು. "ಹುಡುಗ್ಯಾರು ಬ್ಯಾಡ. ನಾವು ಟೀಚರ್‌ಗಳ ಹೋಗ್ತೇವಿ."

ನಾವು ಹೊರಟದ್ದು ನಾಲ್ಕು ಜನ. ಅಂಗಳ ದಾಟುವಾಗ ಮರದ ಕೆಳಗಿದ್ದವರೆಲ್ಲ ನಮ್ಮತ್ತ ತಿರುಗಿದರು. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ನಮ್ಮದೇ ವಿದ್ಯಾರ್ಥಿನಿಯರು. ರೇಣುಕಾ ಎದ್ದು ನನ್ನ ದಾರಿಗೆ ಅಡ್ಡ ಬಂದಳು. ಕೆನ್ನೆ ಇನ್ನೂ ಊದಿಕೊಂಡಿತ್ತು.

"ನೀವ ಒಳಗ ಹೋಗಿ ಕೆಲಸ ಮಾಡಿದ್ರ, ನಮ್ಮ ಮಾತು ಯಾರು ಕೇಳ್ತಾರ್ರಿ ಮೇಡಂ?"

"ಒಳಗ ಮಲಗಿದವ್ರು ಏನ್ ತಪ್ಪು ಮಾಡ್ಯಾರವ್ವಾ?"

"ನಾವೇನ್ ತಪ್ಪು ಮಾಡೇವ್ರಿ?"

ಅವಳ ಪಕ್ಕದಿಂದ ಸರಿದು ಒಳಗೆ ಹೋದೆ. ಬೆನ್ನ ಹಿಂದೆ ಯಾರೋ "ಚಮಚಾಗಳು" ಎಂದದ್ದು ಕೇಳಿಸಿತು. ನಾನು ಕಲಿಸಿದ ಹುಡುಗಿಯೊಬ್ಬಳ ದನಿಯೇ ಅದು.

ಒಳಗೆ ಮೊದಲ ಅರ್ಧ ಗಂಟೆ ಕೈ ನನ್ನ ಮಾತು ಕೇಳಲಿಲ್ಲ. ಯಂತ್ರಗಳು ಹೊಸವು, ಗುಂಡಿಗಳ ಜಾಗ ಬೇರೆ. ಡ್ಯೂಟಿ ಡಾಕ್ಟರ್ ಒಬ್ಬರೇ ಇದ್ದರು. ಔಷಧಿ, ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮೂತ್ರದ ಅಳತೆ. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಮತ್ತೆ ಕರೆಯುತ್ತಿತ್ತು. ನಾಲ್ಕು ಜನರಿದ್ದೂ ನೀರು ಕುಡಿಯಲು ಪುರುಸೊತ್ತಿರಲಿಲ್ಲ.

ಹನ್ನೊಂದರ ಸುಮಾರಿಗೆ ನಮ್ಮ ಪೈಕಿ ಇಬ್ಬರು ಒಬ್ಬ ರೋಗಿಯನ್ನು ಸ್ಕ್ಯಾನಿಂಗಿಗೆ ಕರೆದೊಯ್ದಿದ್ದರು. ಇನ್ನೊಬ್ಬರು ಡಾಕ್ಟರ ಜೊತೆ ಮೂಲೆಯ ಮಂಚದಲ್ಲಿದ್ದರು. ಆಗ ಬಬಲೇಶ್ವರದ ಹಿರಿಯರ ವೆಂಟಿಲೇಟರ್ ಕೂಗಿತು. ಈ ಸಲ ಕ್ಲಿಪ್ ಜಾರಿರಲಿಲ್ಲ. ಎದೆ ಏರುತ್ತಿರಲಿಲ್ಲ, ತುಟಿ ನೀಲಿಯಾಗುತ್ತಿತ್ತು. ಯಂತ್ರ ಬಿಡಿಸಿ, ಕೈಯಿಂದ ಉಸಿರು ತುಂಬುವ ಆಂಬು ಬ್ಯಾಗ್ ಒತ್ತಿದೆ. ಕಲ್ಲು ಒತ್ತಿದಂತಾಯಿತು. ಗಂಟಲಿನ ನಳಿಗೆಯಲ್ಲಿ ಕಫ ಗಟ್ಟಿಯಾಗಿ ಕಟ್ಟಿಕೊಂಡಿತ್ತು.

ಡಾಕ್ಟರನ್ನು ಕೂಗಿ ಕರೆದು, ಕಫ ಎಳೆಯುವ ಸಕ್ಷನ್ ನಳಿಗೆ ಇಳಿಸಿದೆ. ಅರ್ಧಕ್ಕೇ ನಿಂತಿತು. ಅದೇ ಕ್ಷಣ ಪಕ್ಕದ ಮಂಚದ ಮಾನಿಟರ್ ಕೂಗಿತು. ಅಲ್ಲಿದ್ದವಳು ಇಟ್ಟಂಗಿಹಾಳದ ಒಬ್ಬ ಬಾಣಂತಿ. ನೋಡಿದೆ: ನಿದ್ದೆಯಲ್ಲಿ ಕೈ ಆಡಿಸಿದ್ದಳು, ಎದೆಗೆ ಅಂಟಿಸಿದ್ದ ವೈರ್ ಕಿತ್ತಿತ್ತು. ಅವಳು ಚೆನ್ನಾಗಿಯೇ ಇದ್ದಳು. ನಾನು ತಿರುಗಿ ನನ್ನ ಕೆಲಸಕ್ಕೆ ಬಗ್ಗಿದೆ.

ಬಾಗಿಲು ದಡಬಡ ಬಡಿಯಿತು. ಬಾಣಂತಿಯ ಅಣ್ಣ ಒಳಗೆ ತಲೆ ಹಾಕಿ ಕೂಗುತ್ತಿದ್ದ: "ಅಲ್ಲಿ ಮಷೀನ್ ಒದರಾಕತ್ತೈತಿ, ಕಿವಿ ಕೇಳಸೂದಿಲ್ಲೇನ ನಿನಗ?"

ಅವನು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ಕೈ ನಿಲ್ಲುತ್ತಿತ್ತು. ಆದರೆ ಯಾರೋ ಹಿಂದಿನಿಂದ ಅವನ ತೋಳು ಹಿಡಿದರು. ಶ್ರೀಶೈಲ.

"ಸುಮ್ನಿರೋ ಮಾರಾಯಾ! ಆಕಿ ನಮ್ಮಪ್ಪನ್ನ ಉಳಸಾಕತ್ತಾಳ!"

ನಳಿಗೆಗೆ ಒಂದಿಷ್ಟು ಸಲೈನ್ ಬಿಟ್ಟು ಮತ್ತೆ ಸಕ್ಷನ್ ಇಳಿಸಿದೆ. ಡಾಕ್ಟರ್ ಬಂದು ಹೊಸ ನಳಿಗೆ ಬಿಚ್ಚುತ್ತಿದ್ದರು. ಆಗ ಏನೋ ಕಿತ್ತು ಬಂದಂತಾಗಿ, ಹುಣಸೆಬೀಜದಷ್ಟು ಗಟ್ಟಿ ಕಫ ಹೊರಬಂತು. ಬ್ಯಾಗ್ ಮೆತ್ತಗಾಯಿತು. ಎದೆ ಏರಿತು. ಮಾನಿಟರಿನ ಅಂಕಿ ನಿಧಾನಕ್ಕೆ ಮೇಲೇರುವುದನ್ನು ನೋಡುತ್ತ ನಿಂತಾಗಲೇ ನನ್ನ ಸೀರೆ ಬೆವರಿಗೆ ಮೈಗಂಟಿರುವುದು ಗೊತ್ತಾದದ್ದು.

ಉಳಿದ ಮೂವರಿಗೆ ಐಸಿಯು ಒಪ್ಪಿಸಿ ಮೂರು ಗಂಟೆಗೆ ಹೊರಬಂದಾಗ ಶ್ರೀಶೈಲ ಮೆಟ್ಟಿಲ ಮೇಲೆ ಕುಳಿತಿದ್ದ. ಎದ್ದು ಕೈಮುಗಿದ. "ನಿನ್ನೀ ಸಿಸ್ಟರ್‌ಗೆ ನನ್ನ ಕಡಿಂದ ತಪ್ಪಾತಂತ ಹೇಳ್ರಿ ಮೇಡಂ."

"ಹೊಡಿಯಾಕ ನೀವ ಹೋಗಿದ್ರಿ. ಹೇಳಾಕೂ ನೀವ ಹೋಗ್ರಿ."

ಹೋದ. ನಾನೂ ಹಿಂದೆ ಹೋದೆ. ಮರದ ಕೆಳಗೆ ಎಲ್ಲರೆದುರು ತಲೆ ತಗ್ಗಿಸಿ ಎರಡು ಮಾತು ಹೇಳಿದ. ರೇಣುಕಾ ಅವನ ಹೆಗಲಾಚೆ ನನ್ನನ್ನು ನೋಡಿ ಹೇಳಿದಳು: "ಇವ್ರು ಇವತ್ತ ಹೋಗ್ತಾರ, ನಾಳೆ ಮತ್ತೊಬ್ರು ಬರ್ತಾರ. ನಾನು ಹಂಗ ಒಬ್ಬಾಕಿನ ಇರ್ತೇನಿ. ಕೆಲಸಕ್ಕ ಬ್ಯಾಸತ್ತಿಲ್ರಿ ಮೇಡಂ ನಾನು. ಒಬ್ಬಾಕಿನ ನಿಂತು ನಿಂತು ಬ್ಯಾಸತ್ತೇನಿ."

ಆ ಸಂಜೆ ಆಡಳಿತ ಮಂಡಳಿಯ ಮುಂದೆ ನಾನು ರೇಣುಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದೆ. ಉಪಪ್ರಾಚಾರ್ಯೆಯಾಗಿ ಹೋಗಿದ್ದರೆ ನಯವಾಗಿ ಕೇಳುತ್ತಿದ್ದೆನೇನೋ. ಒಂದು ಪಾಳಿ ಮುಗಿಸಿ ಬಂದವಳಾದ್ದರಿಂದ ನಯ ಉಳಿದಿರಲಿಲ್ಲ. ಒಬ್ಬ ಸದಸ್ಯರು "ನಮ್ಮ ನರ್ಸ್‌ಗಳಿಗೆ ಸೇವಾಭಾವ ಕಡಿಮಿ ಆಗೇತಿ" ಎಂದಾಗ, "ನಾಳೆ ಮುಂಜಾನೆ ಐಸಿಯು ಬಾಗಿಲದಾಗ ಬಂದು ನಿಂದರ್ರಿ ಸರ್. ಆಮ್ಯಾಲ ಈ ಮಾತು ಆಡ್ರಿ" ಎಂದೆ. ಅಧೀಕ್ಷಕರು ಮೇಜಿನ ಮೇಲಿನ ಪೆನ್ನನ್ನು ಸುಮ್ಮನೆ ಆಚೀಚೆ ಉರುಳಿಸಿ, ಕೊನೆಗೆ ನನ್ನ ಪರವಾಗಿ ಮಾತಾಡಿದರು.

ಕ್ಷಮೆಯ ಮಾತು ಬಿದ್ದುಹೋಯಿತು. ಐಸಿಯುನ ಪ್ರತಿ ಪಾಳಿಗೆ ಕಡ್ಡಾಯವಾಗಿ ಇಬ್ಬರು ನರ್ಸ್, ಬಾಗಿಲಲ್ಲಿ ಕಾವಲುಗಾರ ಎಂದು ಒಪ್ಪಿದರು. ನಾವು ಕೇಳಿದ್ದು ಮೂವರು ನರ್ಸ್‌ಗಳನ್ನು. ಉಳಿದ ವಾರ್ಡ್‌ಗಳ ಬಗ್ಗೆ "ನೋಡೂಣು" ಎಂದರು. ನಾನು ನಿವೃತ್ತಳಾಗುವವರೆಗೂ ನೋಡುತ್ತಲೇ ಇದ್ದರು. ಆ ರಾತ್ರಿಯೇ ನರ್ಸ್‌ಗಳು ಪಾಳಿಗೆ ಹಿಂತಿರುಗಿದರು. ಹಿರಿಯರು ಗುಣವಾಗಿ ಬಬಲೇಶ್ವರಕ್ಕೆ ಮರಳಿದರು. ರೇಣುಕಾ ಇನ್ನೊಂದು ವರ್ಷ ಅಲ್ಲೇ ದುಡಿದು, ಸರಕಾರಿ ನೌಕರಿ ಸಿಕ್ಕು ಹೋದಳು. ಅಂದು "ಚಮಚಾಗಳು" ಎಂದವಳು ಯಾರೆಂದು ನಾನು ವಿಚಾರಿಸಲಿಲ್ಲ. ಅವಳ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ.

ಈಗ ಗೋಳಗುಮ್ಮಟದ ಹತ್ತಿರ ಮನೆ ಮಾಡಿಕೊಂಡಿದ್ದೇನೆ. ಆಸ್ಪತ್ರೆಗೆ ಹೋಗಿಬಂದ ನೆರೆಯವರು, "ಅಲ್ಲಿ ನರ್ಸ್‌ಗಳು ಒಂದೀಟೂ ನಗೂದಿಲ್ರಿ" ಎಂದು ನನ್ನೆದುರು ದೂರುತ್ತಾರೆ. ಈ ವೃತ್ತಿ ನನಗೆ ಕಲಿಸಿದ್ದು, ಆಗ ಮೊದಲು ಕೇಳಬೇಕಾದ ಪ್ರಶ್ನೆಯನ್ನು. ಅದನ್ನೇ ಅವರಿಗೂ ಕೇಳುತ್ತೇನೆ: "ಆಕಿ ಜೋಡಿ ಮತ್ತ್ಯಾರಿದ್ರು?"

ಬಹಳಷ್ಟು ಸಲ ಅವರು ನೆನಪು ಮಾಡಿಕೊಂಡು, "ಯಾರೂ ಇರ್ಲಿಲ್ರಿ" ಎನ್ನುತ್ತಾರೆ.