ಸಾಬೂನಿನ ಗೆರೆ ಕಪ್ಪಾಗುವವರೆಗೆ

ಯಂತ್ರಗಳ ವಿಷಯದಲ್ಲಿ ನಾನು ಅಧಿಕಾರದಿಂದ ಬರೆಯಬಲ್ಲವಳಲ್ಲ. ಮೋಟಾರ್ ಸೈಕಲ್ಲಿನ ಬಿಡಿಭಾಗಗಳ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದಿದ್ದೇನೆ. ತಪ್ಪಿದ್ದಲ್ಲಿ ತಿಳಿದವರು ತಿದ್ದಿಕೊಂಡು ಓದಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನಾದ್ದರಿಂದ, ಬರೆದದ್ದು ಸರಿಯೇ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಒಂದು ವಾಕ್ಯವನ್ನು ಮೂರು ಸಲ ಓದಿ ಮುಂದೆ ಹೋಗುವ ಅಭ್ಯಾಸ ಆಗ ಹತ್ತಿದ್ದು, ಈಗಲೂ ಬಿಟ್ಟಿಲ್ಲ.

ಎಪ್ಪತ್ತರ ದಶಕದ ಆರಂಭದ ಮಾತು. ಗುಲಬರ್ಗಾದಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಬಸವಕಲ್ಯಾಣದ ಮನೆಯಲ್ಲಿ ಶಿಕ್ಷಕಿಯ ನೇಮಕಾತಿಗಾಗಿ ಕಾಯುತ್ತಿದ್ದೆ. ತಂದೆಯವರು ಹಳೆಯದೊಂದು ವಿಲಾಯತಿ ಮೋಟಾರ್ ಸೈಕಲ್ಲಿನ ಹಿಂದೆ ಖಣದ ಗಂಟು ಕಟ್ಟಿಕೊಂಡು ಹಳ್ಳಿಗಳಿಗೆ ಹೋಗಿ ಕುಬಸದ ಬಟ್ಟೆ ಮಾರುತ್ತಿದ್ದರು. ಎಡ ಮೊಣಕಾಲು ಪೂರ್ತಿ ಮಡಚಲು ಬಾರದ್ದರಿಂದ ಸೈಕಲ್ ತುಳಿಯುವುದು ಅವರಿಂದ ಸಾಧ್ಯವಿರಲಿಲ್ಲ. ಒಂದು ದಿನ ಹುಮನಾಬಾದಿನಿಂದ ಬರುವಾಗ ಚೈನು ಹರಿದು, ಸುತ್ತಿಕೊಂಡು, ಚೇಂಬರನ್ನು ಸೀಳಿತು. ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಅಲ್ಯೂಮಿನಿಯಂ ಕವಚಕ್ಕೆ ನಮ್ಮ ಕಡೆ ಚೇಂಬರ್ ಎನ್ನುತ್ತಾರೆ. ಅದರ ಬದಲಿ ಹೈದರಾಬಾದಿನಲ್ಲೂ ಸಿಗಲಿಲ್ಲ.

ಸುದ್ದಿ ತಿಳಿದ ನನ್ನ ಸೋದರಮಾವ ಸೋಲಾಪುರದಿಂದ ಕಾಗದ ಬರೆದರು. ಗಾಡಿಯನ್ನು ಗುಜರಿಗೆ ಹಾಕಿ, ಮನೆ ಖಾಲಿ ಮಾಡಿಕೊಂಡು ಬಂದು ತಮ್ಮ ಅಂಗಡಿಯಲ್ಲಿ ಕೂಡಬೇಕೆಂಬುದು ಅದರ ಸಾರಾಂಶ. ತಂದೆಯವರು ಕಾಗದವನ್ನು ಮಡಚಿ ಟೋಪಿಯೊಳಗೆ ಇಟ್ಟುಕೊಂಡರು. ಉತ್ತರ ಬರೆಸಲಿಲ್ಲ.

ಎಂಜಿನ್ ಬಿಚ್ಚಿದ ನಮ್ಮೂರಿನ ಮೆಕ್ಯಾನಿಕ್, ಹುಮನಾಬಾದಿನಲ್ಲಿ ಮಾಣಿಕನಗರದ ದಾರಿಗೆ ಅಲ್ಯೂಮಿನಿಯಂ ಬೆಸೆಯುವ ಮಿಸ್ತ್ರಿಯೊಬ್ಬರು ಇದ್ದಾರೆಂದೂ, ಅಲ್ಲಿಗೆ ಒಯ್ಯುವ ಮೊದಲು ಚೇಂಬರಿನ ಜಿಡ್ಡು ಪೂರ್ತಿ ಹೋಗಬೇಕೆಂದೂ ಹೇಳಿದ.

"ಅದನ್ನ ನಮ್ಮ ಮಗಳು ಮಾಡ್ತಾಳ. ಸೈನ್ಸ್ ಓದ್ಯಾಳ," ಎಂದರು ತಂದೆಯವರು.

ನಾನು ಬಟ್ಟೆ ಕುದಿಸುವ ಡಬ್ಬಿಯಲ್ಲಿ ನೀರು ಕಾಯಿಸಿ, ಬಟ್ಟೆಸೋಡಾ ಧಾರಾಳವಾಗಿ ಸುರಿದು, ಚೇಂಬರನ್ನು ಮುಳುಗಿಸಿದೆ. ಜಿಡ್ಡು ಮೇಲೆ ತೇಲಿತು. ಸೂಜಿಮೊನೆಯಂಥ ಗುಳ್ಳೆಗಳು ಸಾಲುಸಾಲಾಗಿ ಎದ್ದವು. ಕೊಳೆ ಬಿಡುತ್ತಿದೆ ಎಂದು ತಿಳಿದು, ಕೆಳಗಿನ ಉರಿ ಆರದಂತೆ ನೋಡುತ್ತ ನಾಲ್ಕು ತಾಸು ಹಾಗೆಯೇ ಬಿಟ್ಟೆ. ಹೊರಗೆ ತೆಗೆದಾಗ ಲೋಹ ಕಪ್ಪಿಟ್ಟಿತ್ತು. ಸೀಳಿನ ಅಂಚು ಬೆರಳಿಗೆ ಒರಟೊರಟಾಗಿ ಹತ್ತಿತು. ಕ್ಷಾರವು ಅಲ್ಯೂಮಿನಿಯಮನ್ನು ತಿನ್ನುತ್ತದೆ, ಜಲಜನಕ ಬಿಡುಗಡೆಯಾಗುತ್ತದೆ ಎಂದು ಪರೀಕ್ಷೆಯಲ್ಲಿ ಸಮೀಕರಣಸಹಿತ ಬರೆದು ಬಂದವಳು ನಾನು. ಆ ಜಲಜನಕವೇ ನಮ್ಮ ಹಿತ್ತಲಿನಲ್ಲಿ ಗುಳ್ಳೆಯಾಗಿ ಎದ್ದದ್ದೆಂದು ಆಗ ಹೊಳೆಯಿತು.

ತಾಯಿಯವರು ಅಲ್ಯೂಮಿನಿಯಮಿಗೆ ಜರ್ಮನ್ ಎನ್ನುತ್ತಿದ್ದರು. "ಜರ್ಮನ್ ಭಾಂಡಿಗೆ ನಾ ಯಾವತ್ತರೆ ಸೋಡಾ ಹಾಕಿದ್ದು ನೋಡೀಯೇನು?" ಎಂದಷ್ಟೇ ಕೇಳಿ, ಹುಣಸೆಹಣ್ಣು ಹಚ್ಚಿ ಉಜ್ಜಿಕೊಟ್ಟರು. ಕಪ್ಪು ಅರ್ಧ ಹೋಯಿತು. ತಂದೆಯವರು ಸಂಜೆ ಬಂದು ಡಬ್ಬಿಯನ್ನೂ ನನ್ನ ಮುಖವನ್ನೂ ನೋಡಿ, ಚೇಂಬರನ್ನು ಗೋಣಿಯಲ್ಲಿ ಸುತ್ತಿಟ್ಟರು.

ಮರುದಿನ ಮುಂಜಾನೆಯ ಬಸ್ಸಿಗೆ ಇಬ್ಬರೂ ಹುಮನಾಬಾದಿಗೆ ಹೋದೆವು. ಸೈನ್ಸ್ ಓದಿದ ಮಗಳೆಂದು ತಂದೆಯವರು ಮಿಸ್ತ್ರಿಗೆ ನನ್ನ ಪರಿಚಯ ಹೇಳಿದರು. ಐವತ್ತು ದಾಟಿದ್ದ ಮಿಸ್ತ್ರಿ ಗೋಣಿಚೀಲದ ಮೇಲೆ ಕುಳಿತು ಚೇಂಬರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕ ಸೋಡಾದಾಗ ಹಾಕ್ಯಾರಲ್ರಿ. ಯಾರ ಹಾಕಿದ್ದು?"

"ನಾನ ಹಾಕಿದ್ದು, ಮಿಸ್ತ್ರಿ," ಎಂದರು ತಂದೆಯವರು.

"ಸೈನ್ಸ್ ಓದಿದ ಮಗಳು ಅಂತ ಈಗ ಹೇಳಿದ್ರಿ. ಅಕ್ಕೋರಿಗೆ ಒಂದ ಮಾತು ಕೇಳಬೇಕಿಲ್ಲೇನು?"

"ಅಕಿ ಬ್ಯಾಡ ಅಂದಳು. ನಾ ಕೇಳಲಿಲ್ಲ."

ನಾನು ತಲೆ ತಗ್ಗಿಸಿ ನನ್ನ ಚಪ್ಪಲಿಯನ್ನು ನೋಡುತ್ತ ನಿಂತೆ.

"ಎಷ್ಟೊತ್ತು ಇಟ್ಟಿದ್ರಿ?"

ತಂದೆಯವರಿಗೆ ಅದು ತಿಳಿಯದು. "ಹಿಂಗ, ಒಂದ ಐದ ಮಿನಿಟ್," ಎಂದರು.

ಮಿಸ್ತ್ರಿಗೆ ಸಮಾಧಾನವಾಯಿತು. "ಹಂಗಿದ್ರ ಮ್ಯಾಲ ಅಷ್ಟ ಕಪ್ಪ, ಒಳಗ ಗಟ್ಟಿ ಅದ. ಜಾಸ್ತಿ ಹೊತ್ತು ಇಟ್ಟಿದ್ರ ಅಂಚು ಟೊಳ್ಳಾಗಿ, ಉರಿ ಹಿಡಿದ ಕೂಡಲೆ ಕುಸಿದು ಬೀಳ್ತಿತ್ತು." ಹೀಗೆನ್ನುತ್ತ ಗ್ಯಾಸಿನ ನಳಿಗೆಗೆ ಕೈ ಚಾಚಿದರು.

"ನಾಕ ತಾಸು ಇಟ್ಟಿದ್ದೆರಿ," ಎಂದೆ. "ಅಪ್ಪ ಅಲ್ಲ. ನಾ ಇಟ್ಟಿದ್ದು."

ಮಿಸ್ತ್ರಿ ನಳಿಗೆಯನ್ನು ಕೆಳಗಿಟ್ಟು ತಂದೆಯವರನ್ನು ನೋಡಿದರು. "ಐದ ಮಿನಿಟಿಗೂ ನಾಕ ತಾಸಿಗೂ ಜರಾ ಫರಕ್ ಅದರಿ, ಕಾಕಾ." ತಂದೆಯವರು ರಸ್ತೆಯ ಮೇಲಿನ ಬಸ್ಸನ್ನು ನೋಡತೊಡಗಿದರು.

ಕೆಲಸದ ಕ್ರಮವೇ ಬದಲಾಯಿತು. ಮಿಸ್ತ್ರಿ ಸೀಳಿನ ಅಂಚನ್ನು ಬೆಳ್ಳಗಿನ ಲೋಹ ಕಾಣುವವರೆಗೆ ಅರದಿಂದ ಉಜ್ಜಿದರು. ಕರಗಿದ ಲೋಹ ಒಳಗೆ ಬೀಳದಂತೆ ಹಿಂಬದಿಗೆ ಜೇಡಿಮಣ್ಣು ಮೆತ್ತಿ, ಒಣಗಲು ಬಿಟ್ಟರು. ಅನಂತರ ಚೇಂಬರನ್ನು ಇದ್ದಿಲ ಬೆಂಕಿಯ ಮೇಲಿಟ್ಟು, ಬಟ್ಟೆ ಸಾಬೂನಿನ ತುಂಡಿನಿಂದ ಅದರ ಮೇಲೊಂದು ಗೆರೆ ಎಳೆದರು.

ಬಹಳ ಹೊತ್ತು ಕಾದು ನಾನು ಕೇಳಿದೆ: "ಇನ್ನೂ ಕೆಂಪಾಗಿಲ್ಲಲ್ರಿ?"

"ಇದು ಕಬ್ಬಿಣ ಅಲ್ರಿ ಅಕ್ಕೋರ, ಕೆಂಪಾಗಂಗಿಲ್ಲ. ಬೆಳ್ಳಗ ಇರ್ತದ, ಬೆಳ್ಳಗ ಇರ್ತದ, ಒಮ್ಮೆಲೆ ನೆಲಕ್ಕ ಸುರೀತದ. ಗೆರಿ ನೋಡ್ರಿ."

ಗೆರೆ ಹಳದಿಯಾಯಿತು, ಕಂದುಬಣ್ಣಕ್ಕೆ ತಿರುಗಿತು, ಕಡೆಗೆ ಕಪ್ಪಾಯಿತು. ಆಗಲೇ ಮಿಸ್ತ್ರಿ ಉರಿ ಹಿಡಿದು, ಒಡೆದ ಲಾರಿ ಪಿಸ್ಟನ್ನನ್ನು ಕರಗಿಸಿ ತಾವೇ ಎರಕ ಹೊಯ್ದಿದ್ದ ಕಡ್ಡಿಯನ್ನು ಸೀಳಿನೊಳಗೆ ತುಂಬುತ್ತ ಹೋದರು. ಅಲ್ಯೂಮಿನಿಯಂ ಎಷ್ಟು ಡಿಗ್ರಿಗೆ ಕರಗುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಆ ಬಿಸಿ ಹತ್ತಿರ ಬಂತೆಂದು ಕಣ್ಣಿಗೆ ಹೇಗೆ ತಿಳಿಯಬೇಕು ಎಂಬ ಪ್ರಶ್ನೆ ಮಾತ್ರ ಅದುವರೆಗೆ ಮನಸ್ಸಿಗೆ ಬಂದಿರಲಿಲ್ಲ.

"ಸಾಬೂನೇ ಯಾಕ್ರಿ?"

"ನಮ್ಮ ಉಸ್ತಾದ ಹಚ್ಚತಿದ್ರು, ನಾನೂ ಹಚ್ಚತೀನಿ. ಕೇಳಾಕತ್ತವರು ನೀವು. ನೀವ ಹುಡುಕಿ ನನಗ ಹೇಳ್ರಿ."

ಮಧ್ಯಾಹ್ನದವರೆಗೆ ಚೇಂಬರ್ ಬೂದಿಯಲ್ಲಿ ಹೂತಿದ್ದು ತಣ್ಣಗಾಯಿತು. ಮಣ್ಣು ಕೆರೆದು ತೆಗೆದು, ಬೆಸುಗೆಯ ಹೊರಗೆ ಸೀಮೆಸುಣ್ಣ ಬಳಿದು, ಒಳಗೆ ಚಿಮಣಿ ಎಣ್ಣೆ ಸುರಿದರು. ಎಲ್ಲಿಯಾದರೂ ಬಿರುಕು ಉಳಿದಿದ್ದರೆ ಸುಣ್ಣದ ಮೇಲೆ ಒದ್ದೆ ಗೆರೆ ಮೂಡುತ್ತದೆ. ನಾವು ಮೂವರೂ ಬಗ್ಗಿ ನೋಡಿದೆವು. ಚಹಾ ಬಂತು, ಕುಡಿದೆವು, ಮತ್ತೆ ನೋಡಿದೆವು. ಸುಣ್ಣ ಒಣಗಿಯೇ ಇತ್ತು.

ಹಿಂದಿರುಗುವ ಬಸ್ಸಿನಲ್ಲಿ ಚೇಂಬರ್ ನನ್ನ ತೊಡೆಯ ಮೇಲಿತ್ತು.

"ಮಂದಿ ಮುಂದ ನನ್ನ ಸುಳ್ಳಗಾರ ಮಾಡಿದೆಲ್ಲ," ಎಂದರು ತಂದೆಯವರು.

"ನೀ ಐದ ಮಿನಿಟ್ ಅಂದಿದ್ದಕ್ಕ ಬಾಯಿ ಬಿಟ್ಟೆ ನೋಡಪ್ಪ. ಅರ್ಧ ದಿನ ಅಂದಿದ್ರ ಸುಮ್ಮನ ಇರ್ತಿದ್ದೆ."

ಅವರು ನಕ್ಕು, ಟೋಪಿಯೊಳಗಿನ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. "ಬರಂಗಿಲ್ಲ ಅಂತ ಬರಿ. ಅವನಿಗೆ ಬ್ಯಾಸರ ಆಗಬಾರದು, ಹಂಗ ಬರಿ."

ನಾವು ಸೋಲಾಪುರಕ್ಕೆ ಹೋಗಲಿಲ್ಲ. ತಂದೆಯವರು ಅದೇ ಚೇಂಬರಿನ ಮೇಲೆ ಇನ್ನೂ ಒಂಬತ್ತು ವರ್ಷ ಹಳ್ಳಿಗಳಿಗೆ ಖಣ ಒಯ್ದರು. ನನಗೆ ಮರುವರ್ಷ ಹುಮನಾಬಾದಿನಲ್ಲಿ ಕೆಲಸ ಸಿಕ್ಕಿತು. ಲೋಹ ಕರಗುವುದಕ್ಕಿಂತ ಕಡಿಮೆ ಬಿಸಿಗೇ ಸಾಬೂನಿನ ಕೊಬ್ಬು ಸುಟ್ಟು ಕರಿಯಾಗುತ್ತದೆ ಎಂದು ಓದಿ ತಿಳಿದು, ಮಿಸ್ತ್ರಿಗೆ ಹೋಗಿ ಹೇಳಿ ಬಂದೆ. ಮಗಳಿಗೆ ಎಲ್ಲ ಗೊತ್ತದ ಎಂದು ಜನರೆದುರು ಹೇಳುವುದನ್ನು ತಂದೆಯವರು ಬಿಟ್ಟರು. ಮನೆಯಲ್ಲಿ ಏನಾದರೂ ಕೆಟ್ಟರೆ, "ನಿನಗ ಗೊತ್ತದೇನು, ಇಲ್ಲಾ ಯಾರಿಗರೆ ಕೇಳಿ ಬರೋಣೇನು?" ಎಂದು ಮೊದಲು ನನ್ನನ್ನು ಕೇಳತೊಡಗಿದರು. ಗೊತ್ತಿಲ್ಲ ಎಂದು ಹೇಳುವುದು ನನಗೂ ರೂಢಿಯಾಯಿತು.