ಸೋಡಿಯಂ ಮತ್ತು ಅರಿಶಿನ ನೀರು

ಹೈಟೆಕ್ ಸಿಟಿಯಲ್ಲಿ ನನ್ನ ರೂಮಿನವರು ಅಮೆರಿಕದವರಿಗೆ ಕೋಡ್ ಬರೆಯುತ್ತಿದ್ದ ಕಾಲದಲ್ಲಿ, ನಾನು ಊರಿನ ಇನ್ನೊಂದು ತುದಿಯ ಲ್ಯಾಬಿನಲ್ಲಿ ಅದೇ ಅಮೆರಿಕದವರಿಗೆ ಅಣು ಕಟ್ಟುತ್ತಿದ್ದೆ. ಅವರು ಷಟ್ಕೋನಗಳ ಚಿತ್ರ ಕಳಿಸುವರು, ನಾವು ಅದನ್ನು ಬಿಳಿ ಪುಡಿ ಮಾಡಿ ಕಳಿಸುವೆವು. ಮುಂದೆ ಅದು ಔಷಧವಾಯಿತೋ ಇಲ್ಲವೋ ನಮಗೆ ತಿಳಿಯುತ್ತಿರಲಿಲ್ಲ.

ಆಯುಧಪೂಜೆಗೆ ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ. ಸುತ್ತಲೂ ಪೆಟ್ರೋಲಿನಂತೆ ಹತ್ತಿಕೊಳ್ಳುವ ಸಾಲ್ವೆಂಟ್ ಬಾಟಲಿಗಳು, ಹಾಗಾಗಿ ಕರ್ಪೂರ, ಊದಿನಕಡ್ಡಿ ಕೂಡದು. ಬ್ಯಾಟರಿ ದೀಪ ಇಟ್ಟು ನಮ್ಮ ಜಾಣತನಕ್ಕೆ ನಾವೇ ತಲೆದೂಗಿದೆವು. ನೀರಿನ ಬಗ್ಗೆ ಯಾರೂ ಯೋಚಿಸಲಿಲ್ಲ.

ಕೆಲಸ ಮಾತ್ರ ನಿಲ್ಲುವಂತಿರಲಿಲ್ಲ. ರಾಯಚೂರಿನ ನನ್ನ ಸಹೋದ್ಯೋಗಿ ಹೊಗೆ ಹೀರುವ ಗಾಜಿನ ಗೂಡಿನ ಮುಂದೆ ನಿಂತು ಸೋಡಿಯಂ ಕತ್ತರಿಸುತ್ತಿದ್ದಳು. ಚಾಕುವಿಗೆ ಬೆಣ್ಣೆಯಂತೆ ಸಿಗುವ ಲೋಹ ಅದು. ನೀರು ತಾಗಿದರೆ ಬೆಂಕಿ. ಅಷ್ಟರಲ್ಲಿ ನಮ್ಮ ಗುಂಪಿನ ಮುಖ್ಯಸ್ಥರು, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಬೀದರಿನ ಸರ್, ಅರಿಶಿನ ನೀರಿನ ಕಲಶ, ಮಾವಿನೆಲೆ ಹಿಡಿದು ಬಂದರು.

“ಕುಂಕುಮ ಹಚ್ಕೋ ತಂಗಿ, ಸೋಡಿಯಂ ಎಲ್ಲೂ ಓಡಿ ಹೋಗಂಗಿಲ್ಲ.”

“ಅದು ಓಡಂಗಿಲ್ರಿ ಸರ್, ನಮ್ಮನ್ನ ಓಡಸ್ತೈತಿ,” ಎಂದು ನಗುತ್ತ ಅವಳು ರಕ್ಷಣೆಯ ಕನ್ನಡಕವನ್ನು ತಲೆಗೇರಿಸಿ ಕುಂಕುಮ ಇಟ್ಟುಕೊಂಡಳು. ಸರ್ ಪ್ರತಿ ಯಂತ್ರಕ್ಕೆ ಮಾಡಿದಂತೆಯೇ ಎಲೆ ಅದ್ದಿ ಗೂಡಿನೊಳಕ್ಕೆ ಚಿಮುಕಿಸಿದರು.

ಟಪ್ಪೆಂದಿತು. ಹಳದಿ ಉರಿ ಎದ್ದು ಪಕ್ಕದ ಸಾಲ್ವೆಂಟ್ ಬೀಕರಿಗೂ ಹತ್ತಿತು. ಅವಳು ಕಣ್ಣು ಮುಚ್ಚಿಕೊಂಡಳು. ಬೆಂಕಿ ಕಂಡೊಡನೆ ಸರ್ ಅವರ ಕೈ ಓದಿದ್ದನ್ನೆಲ್ಲ ಮರೆತು ಮನೆಯ ಕೈಯಾಯಿತು: ಕಲಶವನ್ನೇ ಎತ್ತಿತು.

ಈಗಲೂ ಸಿಗ್ನಲ್‌ನಲ್ಲಿ ಆಟೋ ನಿಂತಾಗ, ಹಲ್ಲುಜ್ಜುವಾಗ, ಆ ಕಲಶ ನನ್ನೆದುರು ವಾಲುತ್ತದೆ. ಕೆಲವು ಸಲ ಪೂರ್ತಿ ಖಾಲಿಯಾಗುತ್ತದೆ. ಅಂದು ಆಗಲಿಲ್ಲ. ಅವಳು ಒಂದು ಕೈಯಿಂದ ಕಣ್ಣೊತ್ತಿಕೊಂಡೇ ಇನ್ನೊಂದರಿಂದ ತಡಕಾಡಿ ಅವರ ತೋಳು ಹಿಡಿದಳು. “ನೀರು ಬ್ಯಾಡ್ರಿ ಸರ್. ಮರಳು ಹಾಕ್ರಿ ಯಾರಾದ್ರೂ.” ಬಕೆಟ್ಟಿನ ಮರಳು ಸುರಿದದ್ದು ನಾನೇ ಅಂತೆ; ನನಗೆ ನೆನಪಿಲ್ಲ, ಆಮೇಲೆ ಎಲ್ಲರೂ ಹೇಳಿದರು.

ಸೋಡಿಯಂ ಚೂರು ಕಣ್ಣಿಗೆ ಸಿಡಿದಿದ್ದರೆ ದೃಷ್ಟಿ ಹೋದಂತೆಯೇ. ಕಣ್ಣು ತೊಳೆಯುವ ನಲ್ಲಿಯ ಕೆಳಗೆ ಅವಳು ಬಗ್ಗಿಯೇ ಇದ್ದಳು. ಸರ್ ಸ್ಟೂಲಿನ ಮೇಲೆ ಕುಸಿದು, “ಕಾಣಸ್ತೈತೇನ ತಂಗಿ?” ಎಂದು ಕೇಳುತ್ತಲೇ ಇದ್ದರು. ಕೊನೆಗೆ ಅವಳು ಮುಖವೆತ್ತಿದಳು. ಹುಬ್ಬು, ರೆಪ್ಪೆಗೂದಲು ಸುಟ್ಟಿದ್ದವು. ನಾನು ಬೆರಳು ತೋರಿಸಿ ಎಷ್ಟೆಂದು ಕೇಳಿದೆ.

“ಕೈ ಹಿಂಗ ನಡುಗಿಸಿದ್ರ ಹೆಂಗ ಎಣಸ್ಲಿರೀ? ತಡೀರಿ... ಎರಡು.”

ಎರಡೇ ಇದ್ದವು.