ಆಪಾ ಅಂದ ‘ತಡಿ’

ಬೆಳಿಗ್ಗೆ ನಳದ ನೀರು ತುಂಬಿದೆ. ಹುಣಸೆಹಣ್ಣಿನ ಬೀಜ ಬಿಡಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಒಯ್ದೆ. ಬರುವಾಗ ಪಕ್ಕದ ಮನೆಯ ಗೋಡೆಯಾಚೆ ಮದರಂಗಿ ಗಿಡ ಚಿಗುರಿದ್ದು ಕಂಡು ಆಪಾರ ಬೆರಳು ನೆನಪಾಯಿತು. ಬಲಗೈಯ ತೋರುಬೆರಳಿನ ಉಗುರೊಂದೇ ಇಟ್ಟಿಗೆಯಷ್ಟು ಕೆಂಪು. ಮಿಕ್ಕವಕ್ಕೆ ಹಚ್ಚಿಕೊಳ್ಳಲು ಅವರಿಗೆ ಪುರುಸೊತ್ತಿರುತ್ತಿರಲಿಲ್ಲ.

ಅವರ ಮನೆಮಾತಿನಲ್ಲಿ ಆಪಾ ಅಂದರೆ ಅಕ್ಕ. ಮಸ್ಕಿಯ ನಮ್ಮ ಓಣಿಗೆಲ್ಲ ಅವರು ಆಪಾನೇ. ಲಿಂಗಸುಗೂರಿನಲ್ಲಿ ಕರೆಂಟಿನ ಕಂಟ್ರೋಲ್ ರೂಮಿನ ಕಂಪ್ಯೂಟರುಗಳ ಕಾವಲು ಅವರದು. ಗಡಿಯಲ್ಲಿ ಯುದ್ಧದ ಮಾತು ಎದ್ದಾಗ ಅಲ್ಲಿಗೆ ಹೊಸ ಸಾಫ್ಟ್‌ವೇರ್ ಬಂತು. ವೈರಿಗಳು ಕಂಪ್ಯೂಟರಿನೊಳಗೆ ನುಗ್ಗಿದರೆ ಅದು ತಾನೇ ಗುರುತಿಸುತ್ತದೆ. ‘ತಡೆ’ ಎಂಬ ಗುಂಡಿ ಒತ್ತಿದರೆ ಅವರು ಹೊಕ್ಕ ಕರೆಂಟ್ ಸ್ಟೇಷನ್ನನ್ನು ಕಡಿದು ಬೇರೆ ಮಾಡುತ್ತದೆ; ಆ ಊರಿಗೆ ಕರೆಂಟೂ ನಿಲ್ಲುತ್ತದೆ.

ಒಂದು ರವಿವಾರ ಆಪಾ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಅತ್ತೆ, ಮೂಗಿಗೆ ಆಕ್ಸಿಜನ್ ಮಶೀನಿನ ನಳಿಕೆ. ಕಂಟ್ರೋಲ್ ರೂಮಿನ ಆಪರೇಟರ್ ಫೋನ್ ಮಾಡಿದ.

“ಮೇಡಂ, ಮಸ್ಕಿ ಸ್ಟೇಷನ್‌ದಾಗ ಯಾರೋ ಹೊಕ್ಕಾರಂತ ತೋರಸಾಕತ್ತದ. ಏನ್ ಮಾಡ್ಲಿ?”

“ತಡಿ, ತಡಿ!”

ಫ್ಯಾನು ನಿಂತಿತು. ಮಶೀನೂ ನಿಂತಿತು.

“ಒತ್ತಿದೇನೋ?”

“ನೀವ ತಡಿ ಅಂದ್ರಲ್ರೀ!”

“ಸ್ವಲ್ಪ ನಿಂದ್ರು ಅಂದ್ನೋ ಮಾರಾಯಾ! ವಾಪಸ್ ತಗಿ.”

“ತಗ್ಯಾಕತ್ತೀನ್ರಿ, ಕೇಳವಲ್ತು. ಈಗ ನನ್ನನ್ನೂ ವೈರಿ ಅನ್ನಾಕತ್ತದ.”

ಮನೆಯ ಆಕ್ಸಿಜನ್ ಸಿಲಿಂಡರ್ ತುಂಬಿಸಲು ಸಿಂಧನೂರಿಗೆ ಹೋಗಿತ್ತು. ನಾನು ಮೊರದಿಂದ ಗಾಳಿ ಬೀಸಿದೆ. ಅತ್ತೆಯ ತುಟಿ ನೀಲಿಗಟ್ಟುತ್ತಿತ್ತು. ಆಪಾ ಮಸ್ಕಿ ಸ್ಟೇಷನ್ನಿನ ಲೈನ್‌ಮನ್‌ಗೆ ಫೋನ್ ಹಚ್ಚಿ ಒದರಿದರು: “ಕಂಪ್ಯೂಟರಿನ ವೈರ್ ಕಿತ್ತು ಹಾಕ್ರೀ, ಕೈಲೆ ಹ್ಯಾಂಡಲ್ ತಿರುವಿ ಕರೆಂಟ್ ಬಿಡ್ರೀ!”

ಕರೆಂಟು ಬಂತು. ಉಸಿರು ತಿರುಗಿದ ಮೇಲೆ ಅತ್ತೆ ಅಂದರು, “ನಿನ್ನ ಒಂದ್ ಮಾತಿಗೆ ಹೊಂಟಿದ್ನಲ್ಲವಾ!” ಆಪಾ ನಗಲು ಹೋಗಿ ಅತ್ತುಬಿಟ್ಟರು.

ನುಗ್ಗಿದವರು ವೈರಿಗಳೇ ಅಲ್ಲ. ಸ್ಟೇಷನ್ನಿನವರು ಹೇಳದೆ ಕೇಳದೆ ಹಳೆ ಕಂಪ್ಯೂಟರ್ ಬದಲಿಸಿದ್ದರು.

ಮೇಲಿನವರು ಬಂದು, ತಪ್ಪು ಮನುಷ್ಯರದು, ಇನ್ನು ಯಾರನ್ನೂ ಕೇಳದೆ ಸಾಫ್ಟ್‌ವೇರೇ ಕಡಿಯಲಿ, ಹ್ಯಾಂಡಲನ್ನೂ ತೆಗೆಸಿರಿ ಎಂದರಂತೆ. ಆಪಾ ಒಪ್ಪಲಿಲ್ಲ. “ತಪ್ಪು ನಂದ್ರೀ, ಬರಕೊಡ್ತೀನಿ. ನನ್ನ ಪ್ರಮೋಷನ್ ಬೇಕಾದ್ರ ನಿಲ್ಲಿಸ್ರಿ. ಆದ್ರ ಅದು ನಮ್ಮನ್ನ ಕೇಳೂದು ಬಿಟ್ರ, ನಾಳೆ ನಾವು ಯಾರನ್ನ ಕೇಳಬೇಕ್ರಿ?”

ಪ್ರಮೋಷನ್ ನಿಂತಿತು. ಹ್ಯಾಂಡಲ್ ಉಳಿಯಿತು. ಗುಂಡಿಯ ಮೇಲಿನ ‘ತಡೆ’ ಅಳಿಸಿ ಆಪಾ ‘ಕಡಿ’ ಎಂದು ಬರೆಸಿದರು. “ಈಗ ಒತ್ತುವಾಗ ಕೈ ನಡಗ್ಲಿ,” ಅನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಆಪಾ ತೀರಿಕೊಂಡರು. ಅವರ ಮನೆಯ ಅಂಗಳದಲ್ಲಿ ಅತ್ತೆ ಯಾರ ಸಮಾಧಾನಕ್ಕೂ ಬಗ್ಗದೆ ಕೂತಿದ್ದರು. “ನನಗ ಮಿಕ್ಕಿದ್ದ ಉಸಿರು ಆಕೀದು,” ಎಂದರು.

ಇಂದು ರಾತ್ರಿ ಬಿಸಿ ರೊಟ್ಟಿ, ಪುಂಡಿಪಲ್ಲೆ, ಗಟ್ಟಿ ಮೊಸರು. ಅತ್ತೆ ಒಂದೂವರೆ ರೊಟ್ಟಿ ಉಂಡು ಎಲ್ಲರಿಗಿಂತ ಮೊದಲು ಮಲಗಿದರು. ಪಕ್ಕದಲ್ಲಿ ಮಶೀನು ನಡೆದೇ ಇತ್ತು.